ಇಲ್ಲದ ಹದಿನಾರು ಪುಟ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ದಡಬಡಿ ತಂಗಿಯ ವಂದನೆ. ಕರ್ತನು ನಿನ್ನನ್ನು ಚೆನ್ನಾಗಿಟ್ಟಿರಲಿ. ಬೆನ್ನುನೋವು ಹೇಗಿದೆ? ಈಗಲೂ ಊಟಕ್ಕೆ ಕರೆದಾಗಲೇ ಹೊಸ ಕೆಲಸ ಕೈಗೆತ್ತಿಕೊಳ್ಳುತ್ತೀಯಾ? ವಿಳಾಸ ಎಲ್ಲಿ ಸಿಕ್ಕಿತು ಎಂದು ಹುಬ್ಬೇರಿಸಬೇಡ. ನಮಗೆ ಕಾಗದ ಮಾರುವವನೇ ನಿಮ್ಮ ಮುದ್ರಣಾಲಯಕ್ಕೂ ಮಾರುತ್ತಾನೆ, ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಅಪ್ಪ ಗಟ್ಟಿಯಾಗಿದ್ದಾರೆ. ಕೈ ಮಾತ್ರ ನಡುಗುತ್ತದೆ, ಸೂಜಿಗೆ ದಾರ ನಾನೇ ಪೋಣಿಸಬೇಕು. ಪೋಣಿಸಿದರೆ ಗುರ್ ಎನ್ನುತ್ತಾರೆ, ಪೋಣಿಸದಿದ್ದರೂ ಗುರ್ ಎನ್ನುತ್ತಾರೆ.

ವಿಷಯಕ್ಕೆ ಬರುತ್ತೇನೆ. ಬರುತ್ತೇನೆ ಬರುತ್ತೇನೆ ಎಂದು ಆಗಲೇ ಮೂರು ಹಾಳೆ ಹರಿದು ಹಾಕಿದ್ದಾಯಿತು. ಮೂರು ವಾರದ ಹಿಂದೆ ಸುಣ್ಣ ಬಳಿಸಲು ಅಟ್ಟ ಖಾಲಿ ಮಾಡುತ್ತಿದ್ದೆ. ಕಬ್ಬಿಣದ ಪ್ರೆಸ್ ಬಂದ ಮೇಲೆ ಯಾರೂ ಮುಟ್ಟದ ಆ ಹಳೆಯ ಒತ್ತುಹಲಗೆಗಳು ಹಗ್ಗ ಬಿಗಿದಂತೆಯೇ ಬಿದ್ದಿದ್ದವು. ಬಿಚ್ಚಿದರೆ ಎರಡು ಹಲಗೆಗಳ ನಡುವೆ ಒಂದು ಫಾರಂ, ಒಟ್ಟಿಗೆ ಮಡಿಚಿದ ಹದಿನಾರು ಪುಟ, ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿತ್ತು. ಪ್ರಾರ್ಥನಾಮಂದಿರದ ದೊಡ್ಡ ವೇದಪುಸ್ತಕದ್ದು. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದ ಪ್ರವಾದಿಯ ಕಥೆ ಇಡಿಯಾಗಿ ಅದರಲ್ಲಿತ್ತು. ನಾನು ಏಣಿಯ ಮೇಲೇ ಕೂತುಬಿಟ್ಟೆ.

ಒಂಬತ್ತು ವರ್ಷದ ಹಿಂದೆ ಆ ಪುಸ್ತಕವನ್ನು ಮರುಕಟ್ಟುವಾಗ ಫಾರಂಗಳನ್ನು ಜೋಡಿಸಿ ಎಣಿಸುವ ಕೆಲಸ ನನ್ನದಾಗಿತ್ತು, ಹೊಲಿಗೆ ಅಪ್ಪನದು, ರಟ್ಟು ನಿನ್ನದು. ಒಂದು ಫಾರಂನ ಮೂಲೆ ಮಡಿಚಿಕೊಂಡಿತ್ತು. ನೆಟ್ಟಗಾಗಲಿ ಎಂದು ಹಲಗೆಗಳ ನಡುವೆ ಇಟ್ಟೆ. ಅಷ್ಟರಲ್ಲಿ ಅಂಟು ಉಕ್ಕಿತು, ಓಡಿದೆ. ಎಣಿಸಿದವರು ಕೊನೆಯ ಪುಟದಲ್ಲಿ ತಮ್ಮ ಗುರುತು ಹಾಕಬೇಕೆಂಬುದು ಅಂಗಡಿಯ ಕಟ್ಟಳೆ. ನನ್ನದು ಪೆನ್ಸಿಲಿನ ಎರಡು ಚುಕ್ಕೆ. ಆವತ್ತು ನಾನು ಚುಕ್ಕೆ ಮೊದಲೇ ಇಟ್ಟಿದ್ದೆ, ಆಮೇಲೆ ಎಣಿಸಿದರಾಯಿತು ಎಂದು. ಆ ಆಮೇಲೆ ಬರಲೇ ಇಲ್ಲ.

ಆ ಭಾನುವಾರ ನಿನಗೆ ಮರೆತಿರಲಾರದು. ಸಭೆಯ ಹಿರಿಯರಾದ ಅಪ್ಪ ವೇದಿಕೆ ಹತ್ತಿ ಓದಲು ತೆರೆದರು, ಆ ಪ್ರವಾದಿಯೇ ಇಲ್ಲ. ಮೂರು ದಿನದ ಹಿಂದಷ್ಟೇ ನೀನು ಊಟಕ್ಕೆ ಕೂತಾಗ ಅವನ ಬಗ್ಗೆಯೇ, "ನಲವತ್ತು ದಿನಕ್ಕೆ ಊರು ನಾಶ ಅಂದ, ಆಗ್ಲೇ ಇಲ್ಲ. ಸುಳ್ಳು ಹೇಳಿದ್ದು ಪ್ರವಾದಿನೋ ದೇವ್ರೋ?" ಎಂದು ಕೇಳಿ ನಕ್ಕಿದ್ದೆ. ನೀನೇ ಕಿತ್ತೆ ಎನ್ನಲು ಅಪ್ಪನಿಗೆ ಅಷ್ಟು ಸಾಕಾಯಿತು. "ಇದರಿಂದ ಕಿತ್ತವನ ಪಾಲನ್ನ ದೇವ್ರು ಕೀಳ್ತಾನೆ. ಇವನು ನನ್ನ ಹೊಸ್ತಿಲು ಇನ್ನು ತುಳಿಯಲ್ಲ. ಇದು ನನ್ನ ಮಾತಲ್ಲ, ದೇವ್ರದು" ಎಂದು ಇಡೀ ಸಭೆಯ ಮುಂದೆ ನುಡಿದರು. ನೀನು ವೇದಿಕೆಗೆ ಹೋದೆ, ಪುಸ್ತಕದ ಕೊನೆಯ ಪುಟ ತೆಗೆದೆ, ಹೆಬ್ಬೆರಳಿಂದ ಏನನ್ನೋ ತಿಕ್ಕಿದೆ, ಮುಚ್ಚಿದೆ, ಹೊರಟೇಹೋದೆ. ಪುಸ್ತಕವನ್ನು ಸರಿಮಾಡಲು ಅಪ್ಪ ಬಿಡಲಿಲ್ಲ. ಇಲ್ಲದ ಪುಟಗಳೇ ಸಾಕ್ಷಿ ಎಂದರು.

ಫಾರಂ ಸಿಕ್ಕ ಮರುದಿನ ಮಂದಿರ ಗುಡಿಸುವ ನೆಪದಲ್ಲಿ ಹೋಗಿ ಆ ಕೊನೆಯ ಪುಟ ನೋಡಿದೆ. ಚುಕ್ಕೆಗಳಿದ್ದ ಜಾಗದಲ್ಲಿ ಪೆನ್ಸಿಲ್ ಮಸಿ ಹರಡಿದೆ, ನಿನ್ನ ಹೆಬ್ಬೆರಳಿನಷ್ಟೇ ಅಗಲ. ನಿನಗೆ ಗೊತ್ತಿತ್ತು, ಅಲ್ಲವಾ? ನನ್ನ ತಪ್ಪು ಅಳಿಸಿ ಅದನ್ನೇ ಹೊತ್ತುಕೊಂಡು ಹೋದೆ. ಮತ್ತೆ ನಾನು? ಅಯ್ಯೋ ಅಣ್ಣಾ, ನೀನೇ ಕಿತ್ತಿದ್ದೀಯೆಂದು ನಾನೂ ನಂಬಿದ್ದೆ. ಒಂಬತ್ತು ವರ್ಷ ನಿನ್ನನ್ನು ಕ್ಷಮಿಸು ಎಂದು ದೇವರಲ್ಲಿ ಬೇಡಿದ್ದೇನೆ, ಎಂಥ ಉದಾರಿ ನೋಡು!

ತಲೆ ಚಿಟ್ಟು ಹಿಡಿದಿದೆ. ಸುಮ್ಮನೆ ಯಾರದೋ ವಿಷಯ ಎನ್ನುವಂತೆ ಪಾದ್ರಿಯವರನ್ನು ಕೇಳಿದೆ. ಅರಿಯದೆ ಆದದ್ದು ತಪ್ಪು, ಪಾಪವಲ್ಲ ಎಂದರು. ಹಗುರಾದೆ. ಬಾಗಿಲವರೆಗೆ ಬಂದವರು, "ಅರಿತ ಮೇಲೂ ಸುಮ್ನಿದ್ರೆ ಬೇರೆ ಮಾತಮ್ಮಾ" ಎಂದುಬಿಟ್ಟರು. ಈ ಮೂರು ವಾರವನ್ನು ಹಾಗಾದರೆ ಯಾವುದಕ್ಕೆ ಸೇರಿಸಲಿ? ಹೇಳೋಣವೆಂದರೆ ಅಪ್ಪನ ಗತಿಯೇನು? ದೇವರ ಹೆಸರಿನಲ್ಲಿ ಆಡಿದ ಮಾತು ಸುಳ್ಳಾದರೆ ಅವರು ಇನ್ನು ಯಾವ ಮುಖ ಹೊತ್ತು ವೇದಿಕೆ ಹತ್ತಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹದಿನಾರು ಪುಟ ಓದಿ ಓದಿ ಇನ್ನೂ ಗೊಂದಲಕ್ಕೆ ಬಿದ್ದಿದ್ದೇನೆ. ಊರಿನವರು ಮನಸ್ಸು ತಿರುಗಿಸಿದರು, ದೇವರೂ ಕೈ ತಡೆದ. ಉಳಿದ ಊರನ್ನು ನೋಡಿ ಸಿಟ್ಟಾಗಿ ಕೂತವನು ಪ್ರವಾದಿ ಒಬ್ಬನೇ. ಅವನನ್ನೂ ದೇವರು ಬಿಡಲಿಲ್ಲ, ಈ ಸಿಟ್ಟು ಸರಿಯಾ ಎಂದು ಪಕ್ಕದಲ್ಲಿ ಕೂತು ಕೇಳಿದ. ಹಾಗಾದರೆ ಪ್ರವಾದನೆ ನಡೆಯದಿರಲಿ ಎಂದೇ ನುಡಿಯುವುದಾ? ನಿನ್ನ ಪ್ರಶ್ನೆಯೇ ನನ್ನ ಕೊರಳಿಗೆ ಬಿದ್ದಿದೆ, ಆದರೆ ನನಗೆ ನಗು ಬರುತ್ತಿಲ್ಲ.

ನೀನು ಯಾಕೆ ಸುಮ್ಮನಿದ್ದೆ? ನನ್ನ ಮೇಲಿನ ಪ್ರೀತಿಗಾ, ಅಪ್ಪನ ಮೇಲಿನ ಸಿಟ್ಟಿಗಾ? ಇನ್ನೊಬ್ಬರ ಪಾಪ ಹೊತ್ತವನ ಬಗ್ಗೆ ಪ್ರತಿ ವಾರ ಹಾಡುತ್ತೇನೆ, ಆದರೆ ನನ್ನದನ್ನು ಯಾರಾದರೂ ನಿಜವಾಗಿ ಹೊತ್ತರೆ ಅವರೆದುರು ಹೇಗೆ ನಿಲ್ಲಬೇಕೆಂದು ಗೊತ್ತಿಲ್ಲ. ಅಪ್ಪನಿಗೆ ಭಾನುವಾರ ಹೇಳುತ್ತೇನೆ. ಅಥವಾ ಮುಂದಿನ ಭಾನುವಾರ. ಧೈರ್ಯ ಸಾಲದು.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ದೇವರ ಸಮಾಧಾನ ನಿನ್ನ ಜೊತೆ ಇರಲಿ, ಮಿಕ್ಕರೆ ಸ್ವಲ್ಪ ಇತ್ತ ಕಳಿಸು.

ನಿನ್ನ ತಂಗಿ,
ದಡಬಡಿ

ಮರೆತ ಮಾತು: ಲಕೋಟೆ ಹುಡುಕಲು ಎದ್ದು ಹೋಗಿದ್ದೆ, ಫಾರಂ ಮೇಜಿನ ಮೇಲೇ ಇತ್ತು. ವಾಪಸ್ ಬಂದರೆ ಅಪ್ಪ ನಿಂತುಕೊಂಡೇ ಓದುತ್ತಿದ್ದಾರೆ, ಪಕ್ಕದಲ್ಲಿ ಈ ಕಾಗದ. ಎರಡನ್ನೂ ಓದಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ, "ಊರು ಉಳೀತಲ್ಲ" ಎಂದರು, ಮೊದಲ ಸಲ ಕೇಳಿದವರ ಹಾಗೆ. ಆಮೇಲೆ ಮಂದಿರಕ್ಕೆ ಹೋಗಿ ಪುಸ್ತಕ ಹೊತ್ತು ತಂದರು. ತಾವೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕುಯ್ದರು. ಭಾನುವಾರ ಬಿಚ್ಚಿದ ಪುಸ್ತಕವನ್ನೇ ಸಭೆಯ ಮುಂದೆ ಇಡುತ್ತಾರಂತೆ. "ಮೊದಲು ನಾನು ನಿಲ್ತೀನಿ, ಆಮೇಲೆ ನೀನು" ಎಂದಿದ್ದಾರೆ. ಈಗ ತಾನೇ ಮೂರು ಸಲ ಎಣಿಸಿದೆ, ಎಲ್ಲ ಫಾರಂ ಇವೆ. ಎಣಿಸಿ ಮುಗಿಸಿದ ಮೇಲೆಯೇ ಚುಕ್ಕೆ ಇಟ್ಟೆ. ಹೊಲಿಯಲು ದಾರ ಪೋಣಿಸಿ ಕೊಟ್ಟರೆ ಅಪ್ಪ ಮುಟ್ಟಲಿಲ್ಲ. "ಅವನು ಬಂದು ಹೊಲೀಲಿ, ಅಲ್ಲೀವರೆಗೂ ಹೀಗೇ ಇರ್ಲಿ" ಎಂದರು. ಸೂಜಿ ಮೇಜಿನ ಮೇಲಿದೆ ಅಣ್ಣಾ, ಬಾ.