ಅಕ್ಕಗ ಹೇಳಬ್ಯಾಡ್ರಿ

ವಡಪಳನಿ, ಚೆನ್ನೈ
12-6-2025, ಗುರುವಾರ

ಚಿ. ಸೌ. ತೇಜಶ್ರೀಗೆ ಅವ್ವನ ಆಶೀರ್ವಾದ.

ಕೈಯಲ್ಲಿ ಫೋನ್ ಇಟ್ಟುಕೊಂಡು ಅವ್ವ ಕಾಗದ ಬರೆದಿದ್ದಾಳೆ ಎಂದು ನಗಬೇಡ. ಈ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ನಿನ್ನ ಚಿಗವ್ವನಿಗೆ ಕೇಳುತ್ತದೆ. ನಿನ್ನ ಮನೆಯಲ್ಲಿ ಕನ್ನಡ ಅಕ್ಷರ ಓದಲು ಬರುವುದು ನಿನಗೊಬ್ಬಳಿಗೇ. ಮಕ್ಕಳಿಗೆ ಕಲಿಸಲಿಲ್ಲವೆಂದು ಎಷ್ಟು ಬೈದಿದ್ದೇನೆ. ಇವತ್ತು ಅದೇ ಅನುಕೂಲವಾಯಿತು. ಕೆಳಗಿನ ಮನೆಯ ಮಂಜುನಾಥರು ನಾಳೆ ನಿಮ್ಮ ತಾಂಬರಂಗೆ ಬರುವವರಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತೇನೆ. ಓದಿ ಹರಿದುಹಾಕು.

ತಂಗಿ ಮಹಾನಂದಾ ಸಿಂದಗಿಯಿಂದ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಅವಳ ಶ್ವಾಸಕೋಶದಲ್ಲಿರುವುದು ಕ್ಯಾನ್ಸರ್ ಎಂದು ಮೊದಲ ದಿನ ಡಾಕ್ಟರು ಹೇಳಿದ್ದು ನನಗೆ. ಅಂದು ಸಂಜೆಯೇ ನಿನಗೆ ಹೇಳಿದೆ. ಅವಳಿಗೆ ಮಾತ್ರ, ಹಳೆಯ ಕಫ ಒಣಗಿ ಗಂಟಾಗಿದೆ ಎಂದೆ. ಡಾಕ್ಟರು ತಮಿಳಿನಲ್ಲಿ ಹೇಳುವುದನ್ನು ಕನ್ನಡದಲ್ಲಿ ಹೇಳುವವಳು ನಾನೇ ತಾನೇ? ಎಷ್ಟು ಬೇಕೋ ಅಷ್ಟು ಹೇಳಿದೆ. ಆಸ್ಪತ್ರೆಯ ಬೋರ್ಡು ಅವಳಿಗೆ ಓದಲು ಬಾರದು. ದಿನಕ್ಕೊಂದು ಗುಳಿಗೆ, ಅಷ್ಟೆ. ಕೂದಲು ಕೂಡ ಉದುರಲಿಲ್ಲ.

ನೀನು ಆಗಲೇ ಬೇಡ ಎಂದಿದ್ದೆ. ಆದರೆ ನೀನು ನಿನ್ನ ಅಜ್ಜಿಯನ್ನು, ನನ್ನ ಅವ್ವನನ್ನು, ನೋಡಿಲ್ಲ. ನಮ್ಮೂರ ಕಂಪೌಂಡರ್ ಸುಬ್ರಾಯ ಅವಳಿಗೆ ಎದುರಿಗೇ ಹೇಳಿಬಿಟ್ಟ, ಇದು ವಾಸಿಯಾಗುವ ರೋಗ ಅಲ್ಲ ಎಂದು. ಅಂದೇ ಗೋಡೆಗೆ ಮುಖ ಮಾಡಿ ಮಲಗಿದಳು. ಗಂಜಿ ಹಿಡಿದು ಅವಳ ಬೆನ್ನಿಗೆ ಮಾತಾಡುತ್ತ ಕೂತವಳು ನಾನು. ಮತ್ತೆ ಅವಳ ಮುಖ ನೋಡಿದ್ದು ಸಮಾಧಿಗೆ ಕೂರಿಸಲು ತಿರುಗಿಸಿದಾಗ. ಆ ಬೆನ್ನು ನನ್ನನ್ನು ಇಲ್ಲಿಯವರೆಗೂ ಬಿಟ್ಟಿಲ್ಲ. ಮಹಾನಂದಾ ಮಧ್ಯಾಹ್ನ ಗೋಡೆಯ ಕಡೆ ಹೊರಳಿದರೆ ಒಲೆ ಆರಿಸಿ ಹೋಗಿ ನಿಲ್ಲುತ್ತೇನೆ. ಈ ಕಡೆ ತಿರುಗು ಎಂದರೆ, "ಫ್ಯಾನು ಆ ಕಡೆ ಇಡು, ತಿರುಗ್ತೀನಿ. ಪೊಲೀಸ್ ಆಗಬೇಕಾಗಿತ್ತು ನೋಡು ನೀ" ಎನ್ನುತ್ತಾಳೆ.

ಗುಳಿಗೆ ಈಗ ಕೆಲಸ ಮಾಡುತ್ತಿಲ್ಲ. ಹೊಸ ಔಷಧವೊಂದರ ಪರೀಕ್ಷೆ ನಡೆಯುತ್ತಿದೆ, ಅದಕ್ಕೆ ಸೇರಿಸಬಹುದೇ ನೋಡೋಣ ಎಂದು ಡಾಕ್ಟರು ಹೇಳಿದರು. ಬೇಕೆಂದವರನ್ನೆಲ್ಲ ಸೇರಿಸಿಕೊಳ್ಳುವುದಿಲ್ಲವಂತೆ. ಗಂಟಿನ ಚೂರು ತೆಗೆದು ನೋಡಿದರು; ಈ ಔಷಧ ಹಿಡಿಯಲು ಬೇಕೆಂದು ಅವರು ಹುಡುಕುತ್ತಿದ್ದ ಬದಲಾವಣೆ ಅದರಲ್ಲಿ ಇತ್ತು. ತಲೆಗೆ ಹರಡಿಲ್ಲ. ಮೂತ್ರಪಿಂಡ, ಯಕೃತ್ತು ಚೆನ್ನಾಗಿವೆ. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾಳೆಯೇ, ಹಗಲೆಲ್ಲ ಹಾಸಿಗೆಯಲ್ಲೇ ಇರುತ್ತಾಳೆಯೇ ಎಂದು ಕೇಳಿದರು. ರೊಟ್ಟಿ ಬಡಿಯುತ್ತಾಳೆ, ನನ್ನ ರೊಟ್ಟಿ ದಪ್ಪ ಎಂದು ಜಗಳವನ್ನೂ ಆಡುತ್ತಾಳೆ ಎಂದೆ. ಡಾಕ್ಟರು ನಕ್ಕರು.

ಆಮೇಲೆ ಹೇಳಿದರು: ಅಮ್ಮಾ, ಎಲ್ಲ ಸರಿಯಿದೆ, ಒಂದು ಬಾಕಿ. ತನಗೆ ಏನಾಗಿದೆ ಎಂದು ತಿಳಿದವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ. ಅವರಿಗೆ ಬರುವ ಭಾಷೆಯಲ್ಲಿ ಎಲ್ಲವನ್ನೂ ತಿಳಿಸಬೇಕು, ಅವರೇ ಒಪ್ಪಬೇಕು, ಕ್ಯಾಮೆರಾದಲ್ಲಿ ದಾಖಲಾಗಬೇಕು. ಕನ್ನಡದಲ್ಲಿ ಹೇಳುವವರು ಮನೆಯವರಾಗಿರಬಾರದು.

ಎರಡು ವರ್ಷ ಅವಳಿಗೂ ಈ ಊರಿಗೂ ನಡುವೆ ನಾನೇ ಬಾಯಿಯಾಗಿದ್ದೆ. ನನ್ನನ್ನು ಹೊರಗೆ ಕೂರು ಎಂದರು. ಬೇಡವೆಂದರೆ ಔಷಧವಿಲ್ಲ. ಒಪ್ಪಿದೆ. ಆದರೆ ಡಾಕ್ಟರಿಗೆ ಒಂದು ಮಾತು ಹೇಳಿದೆ: ರೋಗದ ಹೆಸರು ಹೇಳಿ, ನನಗೆ ಗೊತ್ತಿತ್ತು ಎಂಬುದನ್ನು ಹೇಳಬೇಡಿ. ನಾನಾಗಿ ಹೇಳುವುದಿಲ್ಲ ಎಂದರು ಅವರು.

ನಿನ್ನೆ ಅವಳಿಗೆ ಕನ್ನಡದಲ್ಲಿ ಹೇಳಿ ಸಾಕ್ಷಿಗೆ ಕೂರಲು ಮಂಜುನಾಥರು ಆಸ್ಪತ್ರೆಗೆ ಬಂದರು. ಅವರದು ಮೈಸೂರಿನ ಕನ್ನಡ. "ನಿಮ್ಮ ಮಾತು ಸಪ್ಪನ ಸಾರು ಇದ್ದಂಗ ಅದರಿ, ಖಾರನೇ ಇಲ್ಲ" ಎಂದು ಅವರನ್ನು ಗೇಲಿ ಮಾಡುತ್ತಲೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕೂತು ಅಳು ಕೇಳೀತೆಂದು ಕಾಯ್ದೆ. ಏನೂ ಕೇಳಲಿಲ್ಲ.

ಹೊರಗೆ ಬಂದವಳು ನನ್ನ ಬೆನ್ನು ಸವರಿದಳು. "ಏನಿಲ್ಲ ಅಕ್ಕಾ, ಅದೇ ಹಳೇ ಕಫ. ಹೊಸಾ ಗುಳಿಗಿ ಕೊಡ್ತೀವಿ ಅಂದ್ರು. ಯಾರಿಗೆ ಬೇಕು, ಒಲ್ಲೆ ಅಂದೆ." ತೇಜಶ್ರೀ, ಮಾತು ನನ್ನದು. ಬೆನ್ನು ಸವರಿದ ರೀತಿಯೂ ನನ್ನದು. ಮೊದಲ ದಿನ ಇದೇ ಆಸ್ಪತ್ರೆಯಲ್ಲಿ ನಾನು ಅವಳಿಗೆ ಹೀಗೆಯೇ ಹೇಳಿದ್ದೆ. ನಾನು ಸತ್ತುಹೋಗಿ ನನ್ನ ದೆವ್ವ ನನ್ನೊಡನೆ ಮಾತಾಡಿದಂತಾಯಿತು.

ಸಂಜೆ ಮೆಟ್ಟಿಲ ಬಳಿ ಮಂಜುನಾಥರು ನಿಲ್ಲಿಸಿದರು. "ಜಗದೇವಮ್ಮ, ಸಾಕ್ಷಿಗೆ ಕೂತೋನು ನಾನು, ಬಾಯಿ ಬಿಡಬಾರದು. ಆದ್ರೆ ಇದನ್ನ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ" ಎಂದರು. ರೋಗದ ಹೆಸರು ಕೇಳಿ ಮಹಾನಂದಾ ಸ್ವಲ್ಪ ನೀರು ಕುಡಿದಳಂತೆ. ಔಷಧ ತಗೊಳ್ಳುತ್ತೇನೆ ಎಂದೂ ಅಂದಳಂತೆ. ತುರ್ತಾದರೆ ಕರೆತರಲು ಎಲ್ಲ ತಿಳಿದ ಮನೆಯವರೊಬ್ಬರು ಜೊತೆಗಿರಬೇಕು ಎಂದಾಗ ಮಾತ್ರ ಎದ್ದು ನಿಂತಳಂತೆ. "ಮನ್ಯಾಗ ಇರಾಕಿ ಅಕ್ಕ ಒಬ್ಬಾಕಿ. ಅಕ್ಕಗ ಹೇಳಬ್ಯಾಡ್ರಿ. ಮ್ಯಾಲೆ ಗಟ್ಟಿ ಕಾಣ್ತಾಳ, ಒಳಗ ಏನೂ ಇಲ್ಲ. ಆಕೀಗೆ ಗೊತ್ತಾಗೂದಾದ್ರ ನನಗ ಔಷಧಾನೇ ಬ್ಯಾಡ."

ಡಾಕ್ಟರು ನಮ್ಮಿಬ್ಬರಿಂದಲೂ ಮುಚ್ಚಿಟ್ಟಿದ್ದರು ಎಂದು ಅವಳು ತಿಳಿದಿದ್ದಾಳೆ. ಸೋಮವಾರದವರೆಗೆ ಜಾಗ ಇಟ್ಟಿರುತ್ತಾರೆ. ಆಮೇಲೆ ಬೇರೆಯವರಿಗೆ.

ಆದ್ದರಿಂದ ಶನಿವಾರ ನೀನು ಬರಬೇಕು. ಬೇರೆ ಕೆಲಸವಿದೆ ಎನ್ನಬೇಡ. ಚಿಗವ್ವನ ಹತ್ತಿರ ಕೂತು, "ಡಾಕ್ಟರು ನಿನ್ನೆ ಅವ್ವನಿಗೆ ಹೇಳಿಬಿಟ್ಟರು, ಅವ್ವ ತಡಕೊಂಡಿದ್ದಾಳೆ, ನೀ ಸೇರು" ಎಂದು ಹೇಳು. ನಿನ್ನೆ ಎಂದೇ ಹೇಳಬೇಕು. ಅದಕ್ಕಿಂತ ಹಿಂದಿನ ಮಾತು ಬೇಡ. ಇಷ್ಟು ವಯಸ್ಸಾದ ಮೇಲೆ ತಂಗಿಯ ಮುಂದೆ ನಾನು ತಲೆ ತಗ್ಗಿಸಲಾರೆ.

ಇಂತಿ ನಿನ್ನ ಅವ್ವ,
ಜಗದೇವಿ

ತಾ.ಕ. ಇವತ್ತು ಸೋಮವಾರ. ಶುಕ್ರವಾರ ಮಂಜುನಾಥರು ಬಂದು ಕೇಳಿದಾಗ ಈ ಕಾಗದ ಕೊಡಲಿಲ್ಲ. ಹೊಸ ಸುಳ್ಳನ್ನೂ ಅವಳು ನಂಬಿ ನನ್ನನ್ನೇ ಸಮಾಧಾನ ಮಾಡಲು ಬಂದರೆ ಹೇಗೆ ಎಂದು ಭಯವಾಯಿತು. ಶನಿವಾರ ಪೂಜೆ ಮುಗಿಸಿ ಎದ್ದವಳೇ, ನಿನ್ನ ರೋಗ ನನಗೆ ಗೊತ್ತು ಎಂದು ಅವಳಿಗೆ ನಾನೇ ಹೇಳಿದೆ.

"ಎಂದಿನಿಂದ ಗೊತ್ತು ನಿನಗ?" ಎಂದಳು. ಮೊದಲ ದಿನದಿಂದ ಎಂದೆ. ಅಳಲಿಲ್ಲ, ಬೈಯಲೂ ಇಲ್ಲ. "ನನ್ನ ಸಾವು ನಂದು, ಅದನ್ನೂ ನಿನ್ನ ಸೆರಗಿನ್ಯಾಗ ಕಟ್ಟಿಕೊಂಡು ತಿರುಗಿದಿ" ಎಂದು ರೊಟ್ಟಿ ಬಡಿಯಲು ಹೋದಳು. ಆಮೇಲೆ ನನ್ನೊಡನೆ ಮಾತಿಲ್ಲ.

ಇವತ್ತು ಸಹಿ ಮಾಡಿದಳು. ಜೊತೆಗಿರುವವರು ಯಾರು ಎಂದು ಕೇಳಿದರು. ನಾನು ಬಗಲಲ್ಲೇ ಕೂತಿದ್ದೆ. "ತೇಜಶ್ರೀ, ಅಕ್ಕನ ಮಗಳು. ಏನಿದ್ರೂ ಆಕೀಗೆ ಹೇಳ್ರಿ, ಆಕಿ ನನ್ನ ಮುಂದ ಮುಚ್ಚಿಡಂಗಿಲ್ಲ" ಎಂದಳು. ನಿನ್ನ ನಂಬರು ನಾನೇ ಹೇಳಿದೆ.

ಬರುವ ಶುಕ್ರವಾರ ಮೊದಲ ಔಷಧ. ನೀನು ಬಂದು ಕರೆದುಕೊಂಡು ಹೋಗಬೇಕು. ನಿನಗೂ ಗೊತ್ತಿತ್ತು ಎಂದು ನಾನು ಹೇಳಿಲ್ಲ. ಅವಳು ಕೇಳಿದರೆ ಏನು ಹೇಳಬೇಕೆಂದು ಈ ಸಲ ನಾನು ಹೇಳಿಕೊಡುವುದಿಲ್ಲ.