ಹೊಟ್ಟೆ ಖಾಲಿ ಇರಲಿ ಎಂದವರೂ ನೀವೇ, ಬನ್ನು ಕೊಟ್ಟವರೂ ನೀವೇ

ಪ್ರಾಂತ್ಯದ ಆರೋಗ್ಯ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ಮಾವ ಸಿಕ್ಸ್‌ಟೆನ್ ಅವರ ಹೊಟ್ಟೆಯ ಡಾಪ್ಲರ್ ಪರೀಕ್ಷೆಯನ್ನು ನಿಮ್ಮ ಆಸ್ಪತ್ರೆಯ ಕಾಫಿ ಗಾಡಿ ಕೆಡಿಸಿತು. ನಿಮ್ಮ ನಿಯಮ ಅವರನ್ನು ಸರದಿಯ ಬಾಲಕ್ಕೆ ತಳ್ಳಿತು. ದೂರು ಇಷ್ಟೇ. ಉಳಿದದ್ದು ವಿವರ, ಜೊತೆಗೆ ಒಂದಿಷ್ಟು ವಿಷ.

ಮಾವನದು ಹಳೆಯ ಲಿವರ್ ಕಾಯಿಲೆ. ಈಗ ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ಹೆಪ್ಪು ಕೂತಿರಬಹುದೆಂದು ಶಂಕೆ. ಹೆಪ್ಪಿದ್ದರೆ ರಕ್ತ ತೆಳುವಾಗಿಸುವ ಮದ್ದು ಬೇಕು. ಹೆಪ್ಪಿಲ್ಲದೆ ಕೊಟ್ಟರೆ, ಅನ್ನನಾಳದಲ್ಲಿ ಉಬ್ಬಿ ನಿಂತ ನಾಳಗಳು ಒಡೆದು ರಕ್ತ ಕಾರಬಹುದು. ಕೊಟ್ಟರೆ ಕಷ್ಟ, ಬಿಟ್ಟರೆ ನಷ್ಟ. ರಕ್ತ ಹರಿಯುತ್ತಿದೆಯೋ, ನಿಂತಿದೆಯೋ, ಹಿಂದಕ್ಕೇ ತಿರುಗಿದೆಯೋ ಎಂದು ಡಾಪ್ಲರ್ ಹೇಳಬೇಕು. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಏನಾದರೂ ತಿಂದರೆ ಕರುಳಿನ ಗಾಳಿ ಅಡ್ಡ ಬರುತ್ತದೆ, ರಕ್ತದ ಓಟವೂ ಬದಲಾಗುತ್ತದೆ.

ಮೊನ್ನೆ ಬೆಳಗಿನ ಸರದಿ ಮಧ್ಯಾಹ್ನಕ್ಕೆ ಜಾರಿತು. ಕಾಯುವವರು ಗೊಣಗದಿರಲೆಂದು ನೀವೇ ಈ ಚಳಿಗಾಲ ಶುರುಮಾಡಿದ ಗಾಡಿ ಬಂತು. ತಡವೇಕೆಂದು ಕೇಳಲು ನಾನು ಕಿಟಕಿಯ ಬಳಿ ನಿಂತಿದ್ದೆ. ಹಿಂದಿನಿಂದ ಸ್ವಯಂಸೇವಕಿ ಮೈ-ಬ್ರಿಟ್‌ಳ ದನಿ:

“ತಗೋಳಪ್ಪ ಸಿಕ್ಸ್‌ಟೆನ್, ಏಲಕ್ಕಿ ಬನ್ನು. ಇನ್ನೂ ಬಿಸಿ ಇದೆ.”

“ಬೇಡ, ಬೇಡ.”

“ಒಂದಾದ್ರೂ ತಗೋ.”

“ಅಯ್ಯೋ, ಬೇಡಮ್ಮ.”

“ಏನು, ನಾನು ಮಾಡಿದ್ದು ಅಂತ ಭಯಾನಾ?”

ನಮ್ಮ ಉತ್ತರ ಸ್ವೀಡನ್ನಿನಲ್ಲಿ ಎರಡು ಸಲ ಬೇಡವೆನ್ನುವುದು ಮರ್ಯಾದೆ, ಮೂರನೆಯ ಸಲ ಅಂದರೆ ಅದು ಜಗಳ. ನಾನು ತಿರುಗುವಷ್ಟರಲ್ಲಿ ಬನ್ನು ಅರ್ಧ ಇಳಿದಿತ್ತು.

“ಮಾವ! ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ರಲ್ಲ?”

“ಅಂದೋರೂ ಆಸ್ಪತ್ರೆಯೋರೇ, ಕೊಟ್ಟೋರೂ ಆಸ್ಪತ್ರೆಯೋರೇ. ಗಾಡಿ ಮೇಲೆ ಅವರ ಮುದ್ರೆ ಇದೆ ನೋಡು. ಅವರಿಗೆ ಗೊತ್ತಿರಲ್ವೇನಯ್ಯ?”

ಗೊತ್ತಿತ್ತೇ, ಮಾನ್ಯರೇ?

ಸ್ಕ್ಯಾನ್ ಮಾಡುವ ಡಾಕ್ಟರ್ ತೂವಾ ಒತ್ತಿ ನೋಡಿದರು, ಮಗ್ಗುಲಾಗಿಸಿ ನೋಡಿದರು. “ಬರೀ ಗಾಳಿ. ಬೇಕಾದ ಜಾಗವೇ ಕಾಣ್ತಿಲ್ಲ. ನಾಳೆ ಬೆಳಿಗ್ಗೆ ನಾನೇ ಮಾಡ್ತೀನಿ,” ಎಂದು ಕಂಪ್ಯೂಟರಿನಲ್ಲಿ ದಿನ ಒತ್ತಿದರು. ಅದು ಒಪ್ಪಲಿಲ್ಲ. ಸಿದ್ಧತೆಯಿಲ್ಲದೆ ಬಂದವರು ಹೊಸ ಶಿಫಾರಸು ತಂದು ಸರದಿಯ ಕೊನೆಗೆ ನಿಲ್ಲಬೇಕೆಂಬುದು ತಮ್ಮದೇ ನಿಯಮ. ಸರದಿ ವಾರಗಟ್ಟಲೆ ಉದ್ದವಿದೆ. ಬಾಯಿಗೆ ಬನ್ನು, ಬೆನ್ನಿಗೆ ಗುದ್ದು! ಹೆಪ್ಪುಗಟ್ಟುವ ರಕ್ತವೂ ನಿಮ್ಮ ಸರದಿ ನೋಡಿಕೊಂಡು ಗಟ್ಟಿಯಾಗುತ್ತದೆಯೇ? ಗಾಡಿ ಬಂದ ಮೇಲೆ ಕಾಯುವವರ ತೃಪ್ತಿ ಹೆಚ್ಚಿದೆಯೆಂದು ನಿಮ್ಮ ಕಚೇರಿ ಬೀಗುತ್ತಿದೆ. ನಿಜ. ಮಾವ ತೃಪ್ತರು, ಬನ್ನು ಚೆನ್ನಾಗಿತ್ತಂತೆ.

ನಿನ್ನೆ ಅವರ ಪ್ಯಾಂಟಿನ ಗುಂಡಿ ಸೇರಲಿಲ್ಲ. ನನ್ನ ಹೆಂಡತಿ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ಮಾವ ಮಾತ್ರ, “ಪತ್ರ ಬರಿ, ಆದ್ರೆ ಆ ಮೈ-ಬ್ರಿಟ್‌ನ ಬೈಬೇಡ ಕಣಯ್ಯ,” ಅಂದರು. ಬೈದಿಲ್ಲ. ಬೈಗುಳವೆಲ್ಲ ತಮ್ಮ ವಿಳಾಸಕ್ಕೇ ಬಂದಿದೆ.

ಗಾಡಿಯನ್ನು ಸ್ಕ್ಯಾನ್ ಕೋಣೆಯ ಮುಂದಿನಿಂದ ಎಬ್ಬಿಸಿ. ಅದು ನಾಳಿದ್ದಾದರೂ ಆದೀತು. ಆ ನಿಯಮದ ಬೀಗವನ್ನು ಮಾತ್ರ ಇವತ್ತೇ ತೆಗೆಯಿರಿ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ಬೆಳಿಗ್ಗೆ ಮಾವ ಏನೂ ತಿನ್ನದೆ ನಿಮ್ಮ ಬಾಗಿಲಲ್ಲಿ ಕೂತಿರುತ್ತಾರೆ. ತೂವಾ ಒಳಗಿರುತ್ತಾರೆ, ಯಂತ್ರವೂ ಇರುತ್ತದೆ. ನಿಮ್ಮ ಒಂದು ಫೋನು ಬರಬೇಕು.

ಇಂತಿ,
ದಿನಾ ಸಂಜೆ ಮಾವನ ಹೊಟ್ಟೆಗೆ ಟೇಪು ಹಿಡಿದು, ಅಳತೆಯನ್ನು ಹೆಂಡತಿಗೆ ಕಡಿಮೆ ಮಾಡಿ ಹೇಳುವ
ಯೆರ್ಕರ್