ಹರಿಯುವ ನೀರನ್ನು ಖರಾಬು ಎಂದವರಿಗೆ

ನಮ್ಮ ಪೇಟೆಯ ಹೊಸ ಬಡಾವಣೆಯ ನಕ್ಷೆಗೆ ಸಹಿ ಹಾಕಿದ ಮಾನ್ಯರೇ,

ಕೆರೆಯ ಕೋಡಿ ಕಾಲುವೆಯನ್ನು ಮುಚ್ಚಿ ಅದರ ಮೇಲೆ ನಿಮ್ಮ ಬಂಗಲೆ ಕಟ್ಟಿಸಿಕೊಂಡಿರಿ. ಈಗ ನೀರಿಗೆ ಹೊಸ ದಾರಿ ಬೇಕೆಂದು ನನ್ನ ಎದುರುಮನೆಯ ಜಾನ್ ಬೀಗೆ ಮನೆ ಖಾಲಿ ಮಾಡುವಂತೆ ನೋಟೀಸು ಅಂಟಿಸಿದ್ದೀರಿ. ಹದಿನೈದು ದಿನದ ಗಡುವು. ನಾನು ಕೊಟ್ಟ ಎರಡು ಅರ್ಜಿಗಳಿಗೂ ನಿಮ್ಮಿಂದ ಒಂದೇ ಸಾಲಿನ ಉತ್ತರ ಬಂತು: ‘ಸದರಿ ಜಾಗ ಖರಾಬು. ಅರ್ಜಿ ವಜಾ.’ ಆದ್ದರಿಂದ ಮೂರನೆಯ ಅರ್ಜಿಯನ್ನು ನಿಮಗೆ ಕೊಡದೆ ಪತ್ರಿಕೆಗೆ ಕೊಡುತ್ತಿದ್ದೇನೆ. ಇದನ್ನು ವಜಾ ಮಾಡುವುದು ನಿಮ್ಮಿಂದಾಗದು.

ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ನೀವು ಸರಪಣಿ ಹಿಡಿಸಿಕೊಂಡು ಅಳೆಯಲು ಬಂದಿರಿ. ಕಾಲುವೆ ಒಣಗಿತ್ತು. ಬಿಸಿಲಿಗೆ ಬಾಡಿದ್ದೀರೆಂದು ನಮ್ಮ ಹೊಂಗೆಯ ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಹೇಳಿದೆ:

“ಸ್ವಾಮಿ, ಇದು ನೀರು ನಡೆಯೋ ದಾರಿ. ಅಂಬಾಜಿದುರ್ಗದ ಬೆಟ್ಟದ ಕಡೆ ಜೋರು ಮಳೆ ಬಿದ್ರೆ ಕೆರೆ ಕೋಡಿ ಬೀಳುತ್ತೆ, ನೀರು ಇಲ್ಲಿಗೇ ಬರುತ್ತೆ.”

ನೀವು ನಕ್ಕಿರಿ. “ಎಲ್ಲಮ್ಮಾ ನೀರು? ದಾಖಲೇಲಿ ಖರಾಬು ಅಂತ ಬರೆದಿದೆ ನೋಡಿ. ಖರಾಬು ಅಂದ್ರೆ ಕೆಲಸಕ್ಕೆ ಬಾರದ್ದು.”

ಪಕ್ಕದಲ್ಲಿದ್ದ ಶಾನುಭೋಗರು ವೆಂಕಟರಾಮಪ್ಪನವರು “ಊರುಕೋಂಡಮ್ಮಾ” ಎಂದು ತೆಲುಗಿನಲ್ಲಿ ನನ್ನನ್ನು ಸುಮ್ಮನಿರಿಸಿದರು. ಜಾನ್ ಬೀ ಸುಮ್ಮನಿರಲಿಲ್ಲ.

“ಸಾಬ್, ಖರಾಬ್ ಅನ್ನೋದು ನಮ್ ಮನೆ ಮಾತು. ಕೆಟ್ಟೋಗಿದ್ದಕ್ಕೆ ಖರಾಬ್ ಅಂತೀವಿ. ಹಾಲು ಖರಾಬ್ ಆಗುತ್ತೆ, ನಿಯತ್ತು ಖರಾಬ್ ಆಗುತ್ತೆ. ನೀರಿನ ದಾರಿ ಹೆಂಗ್ ಖರಾಬ್ ಆಗುತ್ತೆ?”

ನೀವು ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಎದ್ದಿರಿ.

ನಾನು ಹೈಸ್ಕೂಲಿನವರೆಗೆ ಓದಿದವಳು. ದಾಖಲೆಯನ್ನೂ ಓದಬಲ್ಲೆ, ನಕ್ಷೆಯನ್ನೂ ಓದಬಲ್ಲೆ. ಹಿಂದಿನವರು ಖರಾಬು ಎಂದು ಬರೆದದ್ದು ಉಳಬೇಡಿ, ಕಟ್ಟಬೇಡಿ, ಇದು ಯಾರ ಸೊತ್ತೂ ಅಲ್ಲ ಎಂಬ ಅರ್ಥದಲ್ಲಿ. ನೀವು ಓದಿದ್ದು, ಯಾರ ಸೊತ್ತೂ ಅಲ್ಲ, ಆದ್ದರಿಂದ ನನ್ನದು ಎಂದು. ಈ ಹುದ್ದೆಗಾಗಿ ಅಷ್ಟು ದೊಡ್ಡ ಪರೀಕ್ಷೆ ಪಾಸು ಮಾಡಿದವರಿಗೆ ಒಂದು ಪದದ ಅರ್ಥ ಕೇಳಿ ತಿಳಿಯಲು ನಾಚಿಕೆಯಾಯಿತೇ?

ನಮ್ಮ ಬೀದಿ ಸೊಟ್ಟ ಎಂದು ನಿಮಗೆ ತಮಾಷೆ. ಕಾಲುವೆ ಬಾಗಿದ ಕಡೆ ಬೀದಿಯೂ ಬಾಗಿತು, ಅಷ್ಟೇ. ಕಾಲುವೆಗೆ ತೀರ ಹತ್ತಿರವಿದ್ದ ಮನೆಗಳ ಜಗಲಿಯನ್ನು ಸೊಂಟದೆತ್ತರ ಕಟ್ಟಿದ್ದರು. ದಂಡೆ ಕುಸಿಯದಂತೆ ಹೊಂಗೆ ನೆಟ್ಟಿದ್ದರು. ದಾಟಲು ಹಾಸಿದ ಕಲ್ಲುಚಪ್ಪಡಿಗಳಿಗೆ ಗಾರೆ ಹಾಕಿರಲಿಲ್ಲ. ಏಕೆ ಗೊತ್ತೇ? ಮುಂಗಾರಿಗೆ ಮೊದಲು ಬೀದಿಯವರೆಲ್ಲ ಸೇರಿ ಚಪ್ಪಡಿ ಎತ್ತಿ ಹೂಳು ತೆಗೆದು ಮತ್ತೆ ಹಾಸುತ್ತಿದ್ದೆವು. ಆ ನೀರಿನಲ್ಲಿ ಕಪ್ಪೆಗಳಿದ್ದವು, ಮಿಂಚುಳ್ಳಿ ಬರುತ್ತಿತ್ತು, ದಂಡೆಯ ಮರದಲ್ಲಿ ಗೀಜಗ ಗೂಡು ಕಟ್ಟುತ್ತಿತ್ತು. ಇದನ್ನೆಲ್ಲ ಯೋಚಿಸಿದ ಯಾರಿಗೂ ನಕ್ಷೆ ಬರೆಯಲು ಬರುತ್ತಿರಲಿಲ್ಲ. ನಿಮಗೆ ನಕ್ಷೆ ಬರುತ್ತದೆ. ಕಪ್ಪೆ ಹೋಗಿ ಸೊಳ್ಳೆ ಬಂದಿದೆ.

ಹೊಂಗೆ ಕಡಿಸಿ, ಆಳೆತ್ತರ ಮಣ್ಣು ತುಂಬಿಸಿ, ಮೇಲೆ ಬಂಗಲೆ ಎಬ್ಬಿಸಿದಿರಿ. ಹೋದ ಆಶ್ವೀಜದಲ್ಲಿ ಕೆರೆ ಕೋಡಿ ಬಿತ್ತು. ಹಳೆಯ ದಾರಿಗೆ ಬಂದ ನೀರು ನಿಮ್ಮ ಕಾಂಪೌಂಡಿಗೆ ಬಡಿದು ಹಿಂದಿರುಗಿ, ಮಟಮಟ ಮಧ್ಯಾಹ್ನ ಜಾನ್ ಬೀಯ ಮನೆಗೆ ನುಗ್ಗಿತು. ಮೂವತ್ತು ವರ್ಷದಿಂದ ಅವಳು ಆ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಿ ಬದುಕಿದವಳು. ಚರಕ ಮಗುಚಿತು, ರೇಷ್ಮೆಗೂಡೆಲ್ಲ ಕೆಸರಾಯಿತು. ಸೊಂಟದವರೆಗೆ ನೀರಿನಲ್ಲಿ ನಿಂತು ನನ್ನನ್ನು ನೋಡಿ ಅಂದಳು, “ಈಗ ಆಯ್ತಮ್ಮಾ ಖರಾಬ್.” ನಿಮ್ಮ ವರಾಂಡದಲ್ಲಿ ನಿಮ್ಮವರು ಕಾಫಿ ಕುಡಿಯುತ್ತ ನೋಡುತ್ತಿದ್ದರು. ಆ ಕಾಫಿಯನ್ನು ನಾನು ಮರೆತಿಲ್ಲ. ಮರೆಯುವ ವಂಶದಲ್ಲಿ ನಾನು ಹುಟ್ಟಿಲ್ಲ.

ನೀರಿಗೆ ದಾರಿ ಬೇಕೆಂಬ ಜ್ಞಾನ ಈಗ ನಿಮಗೆ ಬಂದಿದೆ, ಸಂತೋಷ. ಆದರೆ ಅದು ನಿಮ್ಮ ಮನೆ ಬಿಟ್ಟು ಅವಳ ಮನೆಯ ಮೇಲೇ ಏಕೆ ಹೋಗಬೇಕು?

ನನ್ನ ಬೇಡಿಕೆ ಕೇಳಿ. ಮೊದಲು ನಿಮ್ಮ ಬಂಗಲೆ ಬೀಳಲಿ, ತುಂಬಿದ ಮಣ್ಣು ಹೊರಗೆ ಬರಲಿ. ಹಳೆಯ ಕಾಲುವೆ ತೆರೆದು, ನಿಮ್ಮ ಬಡಾವಣೆಯ ನೇರ ರಸ್ತೆ ಅದನ್ನು ದಾಟುವಲ್ಲಿ ಅಗಲವಾದ ಕಮಾನು ಕಟ್ಟಿಸಿ. ಹೊಂಗೆಯ ಸಸಿ ನಾನು ಕೊಡುತ್ತೇನೆ. ಗುಂಡಿ ನೀವೇ ತೋಡಬೇಕು, ಬೀದಿಯವರು ನೋಡುವ ಹಾಗೆ. ಜಾನ್ ಬೀಯ ಮನೆ ಮುಟ್ಟಲು ಬಂದರೆ ಅವಳ ಜಗಲಿಯ ಮೇಲೆ ನಮ್ಮ ಮನೆಯ ಇಪ್ಪತ್ತಮೂರು ಮಂದಿ ಕೂತಿರುತ್ತೇವೆ, ಮುಂದುಗಡೆ ನಾನು.

ಆಗುವುದಿಲ್ಲವೆನ್ನುತ್ತೀರಾ? ಹಾಗಾದರೆ ಕಲ್ಲುಕುಟಿಗ ಮುನಿಗಂಗಪ್ಪನಿಗೆ ಹೇಳಿಯಾಗಿದೆ. ನಿಮ್ಮ ಬಂಗಲೆಯ ಎದುರಿಗೆ, ನನ್ನ ಸ್ವಂತ ಜಾಗದಲ್ಲಿ, ಒಂದು ಕಲ್ಲು ನಿಲ್ಲಿಸುತ್ತೇನೆ. ನೀವು ದಿನವೂ ಬಾಗಿಲು ತೆರೆದಾಗ ಓದಬೇಕಾದ ನಿಮ್ಮದೇ ಮಾತು ಅದರ ಮೇಲಿರುತ್ತದೆ: ಸದರಿ ಜಾಗ ಖರಾಬು.

ಇಂತಿ,
ನಿಮಗೆ ಮಜ್ಜಿಗೆ ಕೊಟ್ಟು ತಪ್ಪು ಮಾಡಿದ
ಸೊಟ್ಟಬೀದಿಯ ಕದಿರಮ್ಮ